ಏಳನೆಯ ಹೆಸರಿಗೆ ಮೊದಲ ಪೆಟ್ಟು

ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದಾಗ ಏಳುವ ಬಿಸಿ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಬಾಯಿ ಒಣಗುತ್ತದೆ. ಮನೆಯಲ್ಲಿ ದೀಪಾವಳಿಗೆ ಗೋಡೆ ಬಳಿಸುವ ದಿನ ಏನಾದರೊಂದು ನೆಪ ಹೇಳಿ ಹೊರಗೆ ಹೋಗಿಬಿಡುತ್ತೇನೆ. ಹೆಂಡತಿ ಅದನ್ನು ಕೆಲಸಗಳ್ಳತನ ಎಂದೇ ತಿಳಿದಿದ್ದಾಳೆ. ತಿಳಿದುಕೊಳ್ಳಲಿ. ಹೋದ ತಿಂಗಳು ಲೋಕಾಪುರದಲ್ಲಿ ಸಂಬಂಧಿಕರ ಮದುವೆ ಮುಗಿಸಿ, ಬಸ್ಸಿಗೆ ಇನ್ನೂ ಎರಡು ತಾಸು ಇದೆಯಲ್ಲ ಎಂದು ಸುಮ್ಮನೆ ಹಳೆಯ ಕಲ್ಲಿನ ಖಣಿಯ ದಾರಿ ಹಿಡಿದೆ. ನಿವೃತ್ತನಾದವನ ಕಾಲುಗಳಿಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ.

ಖಣಿ ಕೆಲಸದವರ ಕೇರಿಯ ಬಾಯಿಗೆ ಬೇವಿನ ಮರ ಹಾಗೆಯೇ ಇತ್ತು. ಅದರ ಬುಡದ ಕಟ್ಟೆಯ ಮೇಲೆ ಹೆಸರು ಕೆತ್ತಿದ ಆ ಕಲ್ಲು ನಿಂತಿತ್ತು. ಹರೆಯದ ಹೆಣ್ಣುಮಗಳೊಬ್ಬಳು ಕಬ್ಬಿಣದ ಬುಟ್ಟಿಯಲ್ಲಿ ಸುಣ್ಣ ಅರಳಿಸಿಕೊಂಡು ಕಟ್ಟೆಗೆ ಬಳಿಯುತ್ತಿದ್ದಳು. ಆ ವಾಸನೆಗೆ ನಾನು ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ. ಹತ್ತಿರ ಹೋಗಿ ಮೇಲಿನಿಂದ ಕೆಳಗೆ ಹೆಸರುಗಳನ್ನು ಎಣಿಸಿದೆ. ಏಳು. ಏಳನೆಯ ಹೆಸರಿನ ಮೊದಲ ಅಕ್ಷರದ ತಲೆಯ ಮೇಲೆ ಹುಣಸೆ ಬೀಜದಷ್ಟು ಕಲ್ಲು ಚಕ್ಕೆ ಎದ್ದು ಹೋಗಿದೆ. ಅದರ ಮೇಲೆ ಬೆರಳಿಟ್ಟೆ.

ಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ಮುಧೋಳ ಇನ್ನೂ ರಾಜರ ಸಂಸ್ಥಾನವಾಗಿತ್ತು. ನಾನು ಬನಹಟ್ಟಿಯ ನೇಕಾರರ ಮನೆಯ ಮಗ. ಮಗ್ಗದ ಸದ್ದಿನಲ್ಲಿ ಬೆಳೆದವನು ನೌಕರಿ ಹಿಡಿದು ಈ ಕೇರಿಯ ಒಂದೇ ಕೋಣೆಯ ಸಾಲೆಗೆ ಬಂದು ಮೂರು ವರ್ಷವಾಗಿತ್ತು. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯ ಸದ್ದು. ನಲವತ್ತು ಮನೆ; ಗಂಡಸರು ಖಣಿಯಲ್ಲಿ ಹಾಸುಗಲ್ಲು ಎಬ್ಬಿಸುತ್ತಿದ್ದರು, ಹೆಂಗಸರು ಚೂರುಗಲ್ಲು ಹೊತ್ತು ಸುಣ್ಣದ ಭಟ್ಟಿಗೆ ಸುರಿಯುತ್ತಿದ್ದರು. ಯುದ್ಧದ ಕಾಲಕ್ಕೆ ಬಂಡೆ ಸಿಡಿಸಿ ರಸ್ತೆ ಮಾಡಲು ಬಲ್ಲವರು ಬೇಕೆಂದು ಪಲ್ಟನ್ನಿನವರು ಬಂದಾಗ ಈ ಕೇರಿಯಿಂದ ಹನ್ನೊಂದು ಜನ ಹೊರಟರು. ಬ್ರಹ್ಮದೇಶದಿಂದ ತಿರುಗಿ ಬಂದವರು ನಾಲ್ವರು.

ಓದು ಬರಹ ಬಲ್ಲವನು ಅಲ್ಲಿ ನಾನೊಬ್ಬನೇ. ಬಂದ ಕಾಗದ ಓದುವುದೂ ನಾನೇ, ತಿರುಗಿ ಬರೆಯುವುದೂ ನಾನೇ. ಇಪ್ಪತ್ತನಾಲ್ಕು ವರ್ಷದವನಿಗೆ ಅಷ್ಟು ಸಾಕು, ಸೊಕ್ಕು ತಾನಾಗಿಯೇ ಬರುತ್ತದೆ. ನಾನು ಬಾಯಿ ತೆರೆದರೆ ನಲವತ್ತು ಮನೆ ಸುಮ್ಮನಾಗುತ್ತಿತ್ತು.

ಆ ಹನ್ನೊಂದು ಜನರಲ್ಲಿ ಒಬ್ಬನಾದ ಭೀಮಶಿಯ ತಾಯಿ ಹನಮವ್ವ ದಿನಾ ನನಗೆ ಎರಡು ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ ತಂದಿಡುತ್ತಿದ್ದಳು. ಬೇಡವೆಂದರೆ ಬೈಯುತ್ತಿದ್ದಳು. "ನನ್ನ ಮಗನ ಕಾಗದಾ ಓದೂ ಬಾಯಿ ಹಸದ ಇರಬಾರದ್ರಿ ಮಾಸ್ತರ," ಎನ್ನುತ್ತಿದ್ದಳು. ಗಂಡ ಖಣಿಯಲ್ಲಿಯೇ ಸತ್ತಿದ್ದ. ಇದ್ದವನು ಒಬ್ಬನೇ ಮಗ. ಸೊಸೆ ಗಂಗವ್ವ ಮನೆಗೆ ಬಂದು ಎಂಟು ತಿಂಗಳಾಗುವಷ್ಟರಲ್ಲಿ ಮಗ ಯುದ್ಧಕ್ಕೆ ಹೋದ. ಅತ್ತೆ ಸೊಸೆ ಒಂದೇ ಬುಟ್ಟಿಗೆ ಕೈ ಹಚ್ಚಿ ಕಲ್ಲು ಹೊರುತ್ತಿದ್ದರು.

ಯುದ್ಧ ಇನ್ನೂ ನಡೆದಿದ್ದಾಗ, ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ, ಟಪಾಲಿನವನು ಭೀಮಶಿಯ ಮನೆಗೆಂದು ಪಲ್ಟನ್ನಿನ ಕಂದು ಬಣ್ಣದ ಲಕೋಟೆ ಕೊಟ್ಟು ಹೋದ. ಭೀಮಶಿ ಬೇರೆ ತುಕಡಿಯಲ್ಲಿದ್ದ. ಉಳಿದವರ ಕಾಗದದಲ್ಲಿ ಅವನ ಸುದ್ದಿ ಇರುತ್ತಿರಲಿಲ್ಲ. ಹನಮವ್ವ ಸಾಲೆಯ ಬಾಗಿಲಲ್ಲಿ ಕುಂತಳು. ಅವಳ ಹಿಂದೆ ಗಂಗವ್ವ, ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ ನಿಂತಳು. ಇಂಗ್ಲಿಷಿನಲ್ಲಿ ಆರೇಳು ಸಾಲು. ಮೊದಲ ಸಾಲಿನಲ್ಲಿ, ಕಾಣೆಯಾಗಿದ್ದಾನೆ ಎಂದಿತ್ತು. ಮುಂದಿನ ಸಾಲುಗಳಲ್ಲಿ, ನದಿ ದಾಟುವಾಗ ತೆಪ್ಪ ಮಗುಚಿತೆಂದೂ, ಅವನು ಮುಳುಗಿದ್ದನ್ನು ಜೊತೆಯ ಇಬ್ಬರು ಕಂಡರೆಂದೂ, ಮೇಲೆ ಏಳಲಿಲ್ಲವೆಂದೂ, ಸತ್ತನೆಂದೇ ತಿಳಿಯತಕ್ಕದ್ದೆಂದೂ ಇತ್ತು.

ನಾನು ಮೊದಲ ಸಾಲನ್ನು ಹೇಳಿದೆ. ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹನಮವ್ವ ಕೇಳಿದಳು: "ಕಾಣವಲ್ಲ ಅಂದ್ರ, ಹುಡುಕಾಕತ್ತಾರಲ್ರಿ?"

ಅವಳ ಮುಖ ನೋಡಿದೆ. ನೋಡಬಾರದಿತ್ತು.

"ಹುಡುಕಾಕತ್ತಾರವ್ವಾ," ಎಂದೆ.

ಅಷ್ಟೇ. ನಾಳೆ ಹೇಳಿದರಾಯಿತು, ಸ್ವಲ್ಪ ಸಾವರಿಸಿಕೊಳ್ಳಲಿ ಎಂದು ಕಾಗದವನ್ನು ನನ್ನ ಟ್ರಂಕಿನ ತಳಕ್ಕೆ ಇಟ್ಟೆ. ಮರುದಿನ ಅವಳು ರೊಟ್ಟಿ ತಂದಳು. ಆ ಸಂಜೆಯಿಂದ ಲೋಕಾಪುರದ ಗಾಡಿ ಬರುವ ಹೊತ್ತಿಗೆ ರಸ್ತೆಗೆ ಹೋಗಿ ನಿಲ್ಲತೊಡಗಿದಳು. ಹೇಳುವುದು ದಿನದಿನಕ್ಕೆ ಕಠಿಣವಾಯಿತು. ಸಾಲೆಯ ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು. ಕೆಲವು ದಿನಗಳಾದ ಮೇಲೆ ನಾನು ಆ ಹೊತ್ತಿಗೆ ಕಿಟಕಿಯ ಕಡೆ ಬೆನ್ನು ಮಾಡಿ ಕೂಡ್ರುವುದನ್ನು ರೂಢಿ ಮಾಡಿಕೊಂಡೆ.

ಯುದ್ಧ ಮುಗಿದು ವರ್ಷವಾಗುತ್ತಲೇ ಮುಧೋಳದಿಂದ ಅಪ್ಪಣೆ ಬಂತು. ಸತ್ತ ಏಳು ಜನರ ಹೆಸರಿನಲ್ಲಿ ಸ್ಮಾರಕದ ಕಲ್ಲು ನಿಲ್ಲಬೇಕು. ಮಳೆಗಾಲ ಹಿಡಿಯುವ ಮೊದಲು ಮಹಾರಾಜರೇ ಬಂದು ಹೂವಿನ ಹಾರ ಹಾಕುತ್ತಾರೆ. ಮಾಮಲೇದಾರರ ಕಚೇರಿಯ ಪಟ್ಟೇವಾಲಾ ತಂದುಕೊಟ್ಟ ಹೆಸರುಗಳ ಯಾದಿಯಲ್ಲಿ ಏಳನೆಯ ಹೆಸರು ಭೀಮಶಿಯದು. ಯಾದಿ ಓದುವಾಗ ನನ್ನ ಧ್ವನಿ ಏಳನೆಯದಕ್ಕೆ ಬಂದು ಸಣ್ಣದಾಯಿತು.

ಇಲ್ಲಿ ಆ ಜನರ ಎರಡು ಪದ್ಧತಿ ಹೇಳಲೇಬೇಕು. ಹಾಸುಗಲ್ಲಿನ ಮೇಲೆ ಅಕ್ಷರ ಕೆತ್ತುವುದಿದ್ದರೆ, ಕಲ್ಲು ಇನ್ನೂ ಖಣಿಯ ನೆಲಕ್ಕೆ ಅಂಟಿಕೊಂಡಿರುವಾಗಲೇ ಕೆತ್ತಬೇಕು. ಎಬ್ಬಿಸಿದ ಮೇಲೆ ಉಳಿ ಹಚ್ಚಿದರೆ ಬಿರಿಯುತ್ತದೆ. ಹಾಗಾಗಿ ಎಲ್ಲ ಅಕ್ಷರ ಮುಗಿದ ಮೇಲೆಯೇ ಸುತ್ತಲೂ ಬೆಣೆ ಹೊಡೆದು ಕಲ್ಲನ್ನು ಎಬ್ಬಿಸುತ್ತಾರೆ. ಆಮೇಲೆ ಒಂದು ಚುಕ್ಕೆಯನ್ನೂ ಸೇರಿಸುವ ಹಾಗಿಲ್ಲ. ಇನ್ನೊಂದು: ಸತ್ತವನ ಹೆಸರು ಕೆತ್ತುವಾಗ ಮೊದಲ ಪೆಟ್ಟು ಅವನ ಮನೆಯವರದು. ತಾಯಿಯೋ ತಂದೆಯೋ ಹೆಂಡತಿಯೋ, ಹಿರಿಯರು ಯಾರಿದ್ದಾರೋ ಅವರು ಹೊಡೆದ ಮೇಲೆಯೇ ಕೆತ್ತುವವನು ಉಳಿ ಹಿಡಿಯುತ್ತಾನೆ. ಇಲ್ಲದಿದ್ದರೆ ಅವನೇ ಆ ಮನುಷ್ಯನ ಜೀವ ತೆಗೆದ ಹಾಗೆ.

ಹನಮವ್ವ ಪೆಟ್ಟು ಹಾಕುವುದಿಲ್ಲ ಎಂದಳು.

ಬೇವಿನ ಬುಡದಲ್ಲಿ ಹಿರಿಯರು ಕೂಡಿದರು. ಕೇರಿಯ ಹಿರಿಯ ದುರ್ಗಪ್ಪ ನಡುವೆ ಕುಂತಿದ್ದ. ಇನ್ನೊಂದು ಮಾತೂ ಅಲ್ಲಿ ತೀರ್ಮಾನವಾಗಬೇಕಿತ್ತು. ಹೆಸರು ಕೆತ್ತುವ ಯಮನಪ್ಪ ಗಂಗವ್ವನನ್ನು ಉಡಕಿ ಮಾಡಿಕೊಳ್ಳುತ್ತೇನೆಂದು ಕೇಳಿದ್ದ. ಗಂಡ ಸತ್ತವಳು ಹೀಗೆ ಇನ್ನೊಬ್ಬನ ಸೀರೆ ಉಟ್ಟು ಅವನ ಮನೆ ಸೇರುವುದು ಅವರಲ್ಲಿ ನಡೆದು ಬಂದದ್ದೇ. ಗಂಗವ್ವನೂ ಒಪ್ಪಿದ್ದಳು. ಆದರೆ ಗಂಡ ಸತ್ತಿದ್ದಾನೋ ಇಲ್ಲವೋ?

ಹನಮವ್ವ ಸಿಟ್ಟಿನಿಂದೇನೂ ಮಾತಾಡಲಿಲ್ಲ. "ಗಂಗಿ ನನ್ನ ಮಗಳಿದ್ದಂಗ ಅದಾಳ. ಆಕೀ ಸುಖಾ ನನಗ ಬ್ಯಾಡಾಗಿಲ್ಲ. ಆದ್ರ ನಾಳೆ ನನ್ನ ಮಗ ಬಂದು, ಅವ್ವಾ ನನ್ನ ಹೆಸರ ಕಲ್ಲಿನ ಮ್ಯಾಲ ಯಾಕ, ನನ್ನ ಹೇಂತಿ ಯಮನಪ್ಪನ ಮನ್ಯಾಗ ಯಾಕ ಅಂದ್ರ ನಾ ಏನ ಹೇಳ್ಲಿ?"

"ಸರಕಾರದ ಯಾದ್ಯಾಗ ಬಂದೈತಲ್ಲವಾ," ಎಂದ ದುರ್ಗಪ್ಪ.

"ಸರಕಾರಕ್ಕ ಏನ ಗೊತ್ತು? ಕಾಗದಾ ಬಂದಾಗ ಮಾಸ್ತರ ಓದ್ಯಾರ. ಕಾಣವಲ್ಲ, ಹುಡುಕಾಕತ್ತಾರ ಅಂತ. ಕೇಳ್ರಿ ಬೇಕಾದ್ರ."

ಎಲ್ಲರೂ ನನ್ನ ಕಡೆ ತಿರುಗಿದರು. ಗಂಗವ್ವ ಸ್ವಲ್ಪ ದೂರದಲ್ಲಿ ನಿಂತಿದ್ದಳು, ಅವಳೂ ನೋಡಿದಳು.

"ಹೌದೇನ್ರಿ ಮಾಸ್ತರ?" ದುರ್ಗಪ್ಪ ಕೇಳಿದ.

ಆ ಗಳಿಗೆಯಲ್ಲಿ ಹೇಳಿಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಸರಕಾರದ ಕಾಗದ ಮುಚ್ಚಿಟ್ಟನೆಂದು ಮಾಮಲೇದಾರರು ನೌಕರಿ ಕಳೆದಾರು ಎಂಬ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಖರೆ ಹೇಳಬೇಕೆಂದರೆ, ನಾನು ಹೆದರಿದ್ದು ಹನಮವ್ವನ ಮುಖಕ್ಕೆ. "ಕಾಣೆಯಾಗಿದ್ದಾನ ಅಂತ ಇತ್ತು," ಎಂದೆ. ಇದ್ದದ್ದು ಹೌದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಹೇಡಿ ಸಮಾಧಾನ ಅದು.

ದುರ್ಗಪ್ಪ ತೀರ್ಪು ಹೇಳಿದ. "ಕಲ್ಲ ಎಬ್ಬಿಸೂತನಕ ಹನಮವ್ವನ ಕೈ ಬಿದ್ದರ ಭೀಮಶಿ ಸತ್ತಂಗ, ಗಂಗವ್ವ ಬಿಡುಗಡಿ. ಬೀಳದಿದ್ರ ಅಂವ ಬದುಕ್ಯಾನ, ಆಕಿ ಅವನ ಹೇಂತಿ. ಕಲ್ಲ ಎದ್ದ ಮ್ಯಾಲ ಈ ಮಾತ ಯಾರೂ ಎತ್ತೂ ಹಂಗಿಲ್ಲ." ಯಮನಪ್ಪ ತಲೆ ತಗ್ಗಿಸಿಕೊಂಡೇ ಕುಂತಿದ್ದ.

ಕಲ್ಲಿನ ಮೇಲೆ ಹೆಸರು ಬರೆದುಕೊಡುವ ಕೆಲಸ ನನ್ನದು. ಹುರಮಂಜಿನ ಕೆಂಪು ಬಣ್ಣದಲ್ಲಿ ನಾನು ದುಂಡಗೆ ಬರೆದಂತೆ ಯಮನಪ್ಪ ಅದರ ಮೇಲೆಯೇ ಉಳಿ ಓಡಿಸುತ್ತಿದ್ದ. ಅವನಿಗೆ ಓದು ಬಾರದು. ಏಳು ಹೆಸರೂ ಬರೆದೆ. ದಿನಕ್ಕೊಂದು ಹೆಸರು. ಬೆಳಿಗ್ಗೆ ಆ ಮನೆಯವರು ಖಣಿಗೆ ಇಳಿದು ಬರುತ್ತಿದ್ದರು. ಒಬ್ಬ ಮುದಿ ತಂದೆ ಸುತ್ತಿಗೆ ಎತ್ತಿದವನು ಇಳಿಸಲಾರದೆ ನಿಂತುಬಿಟ್ಟ. ಹೆಂಡತಿ ಬಂದು ಅವನ ಕೈ ಹಿಡಿದು ಇಳಿಸಿದಳು. ಒಂದು ಪೆಟ್ಟು, ಖಣಿಯ ಗೋಡೆಗೆ ಬಡಿದು ತಿರುಗಿ ಬರುವ ಒಂದು ಸದ್ದು. ಆಮೇಲೆ ಅವರು ಮೇಲೆ ಹತ್ತಿ ಹೋಗುತ್ತಿದ್ದರು. ಹೀಗೆ ಆರು ದಿನದಲ್ಲಿ ಆರು ಹೆಸರು ಕಲ್ಲಿಗೆ ಇಳಿದವು. ಏಳನೆಯದು ಬರೇ ಬಣ್ಣವಾಗಿ ಉಳಿಯಿತು.

ಪಡುವಣ ಕಡೆಯಿಂದ ಮೋಡ ಏಳತೊಡಗಿದ್ದವು. ಜೋರಾಗಿ ಒಂದು ಮಳೆ ಬಿದ್ದರೆ ಖಣಿ ತುಂಬಿ, ಕಲ್ಲು ನೀರಿನ ಕೆಳಗೆ ಹೋಗಿ, ಮಹಾರಾಜರ ಸವಾರಿಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಮಾಮಲೇದಾರರ ಪಟ್ಟೇವಾಲಾ ದಿನಕ್ಕೊಮ್ಮೆ ಬಂದು ಗದರುತ್ತಿದ್ದ. ನಾಳೆ ಮುಂಜಾನೆ ಬೆಣೆ ಹೊಡೆಯುವುದೆಂದು ದುರ್ಗಪ್ಪ ಕಡೆಗೆ ನಿಶ್ಚಯ ಮಾಡಿದ. ಆರು ಹೆಸರಾದರೆ ಆರು, ಆಗುವುದಾಗಲಿ ಎಂದ.

ಅವತ್ತು ಸಾಲೆ ಬಿಟ್ಟ ಮೇಲೆ ಗಂಗವ್ವ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ನಿಂತಳು. ಕೈತುಂಬ ಸುಣ್ಣದ ಬೂದಿ ಅಂಟಿತ್ತು.

"ಆ ಕಾಗದಾ ಇನ್ನೂ ಐತೇನ್ರಿ ನಿಮ್ಮ ಹಂತ್ಯಾಕ?"

"ಯಾವುದವಾ?" ಎಂದೆ. ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

"ನನಗ ಓದಾಕ ಬರೂದಿಲ್ರಿ. ಆದ್ರ ನೋಡಾಕ ಬರತೈತಿ. ಕಾಗದದ ತುಂಬ ಬರದಿತ್ತು. ನೀವು ಓದಿದ್ದು ಒಂದ ಉಸರಿನಷ್ಟು." ಬಾಗಿಲ ಚೌಕಟ್ಟಿಗೆ ಕೈ ಊರಿ ಮತ್ತೆ ಹೇಳಿದಳು. "ನನ್ನ ಸಲುವಾಗಿ ಅಂತ ಅನಕೋಬ್ಯಾಡ್ರಿ. ಅಂವ ಬದುಕ್ಯಾನ ಅಂತ ಬರದಿದ್ರ, ನಾ ಯಮನಪ್ಪಗ ಇವತ್ತ ಆಗೂದಿಲ್ಲ ಅಂತೇನಿ, ದೇವರಾಣಿ. ಖರೆ ಏನೈತಿ ಅಷ್ಟ ಹೇಳ್ರಿ. ಎರಡ ವರ್ಷಾತು ನಾ ಅಳಬೇಕೋ ಕಾಯಬೇಕೋ ತಿಳೀವಲ್ದು."

ನನ್ನ ಸಿಟ್ಟು ನೋಡಿ: ಆಗಲೂ ಮೊದಲು ಬಂದದ್ದು ಅದೇ. "ನನಗ ಕಲಸಾಕ ಬಂದಿ ಏನು?" ಎಂದು ಗದರಿಬಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಚೌಕಟ್ಟಿನ ಮೇಲೆ ಅವಳ ಬೆರಳಿನ ಬಿಳಿ ಗುರುತು ಉಳಿದಿತ್ತು. ಅದನ್ನು ನೋಡುತ್ತ ಕುಂತೆ. ಅಳಬೇಕೋ ಕಾಯಬೇಕೋ ಎಂಬ ಮಾತು ಎದೆಯೊಳಗೆ ಮುಳ್ಳಿನ ಹಾಗೆ ಕುಂತುಬಿಟ್ಟಿತ್ತು. ನಮ್ಮ ಮಗ್ಗದಲ್ಲಿ ಎಳೆ ಹರಿದರೆ ಗಂಟು ಹಾಕಿ ಮುಂದೆ ನೇಯುತ್ತೇವೆ. ಈ ಕಲ್ಲಿನಲ್ಲಿ ಗಂಟು ಹಾಕಲು ಬರುವುದಿಲ್ಲ. ನಾಳೆ ಬೆಣೆ ಬಿದ್ದರೆ ಆ ಹುಡುಗಿಯ ಜೀವಮಾನವೇ ಮುಗಿಯಿತು, ಮುಗಿಸಿದವನು ನಾನು.

ಬೆಳಿಗ್ಗೆ ಕೇರಿಗೆ ಕೇರಿಯೇ ಖಣಿಯ ದಂಡೆಯಲ್ಲಿ ನಿಂತಿತ್ತು. ಕೆಳಗೆ ಕಲ್ಲಿನ ನಾಲ್ಕೂ ಬದಿಗೆ ಬೆಣೆ ಇಟ್ಟಾಗಿತ್ತು. ಎಂಟು ಜನ ಸುತ್ತಿಗೆ ಹಿಡಿದು ದುರ್ಗಪ್ಪನ ಕೈಯನ್ನೇ ನೋಡುತ್ತಿದ್ದರು. ಹನಮವ್ವ ಕಲ್ಲಿನ ಕೆಳತುದಿಯ ಹತ್ತಿರ ನಿಂತಿದ್ದಳು; ಮಗನ ಹೆಸರಿನ ಮೇಲೆ ಯಾರೂ ಕೈ ಹಚ್ಚಬಾರದೆಂದು ಕಾವಲು ನಿಂತವಳಂತೆ. ಗಂಗವ್ವ ಮೇಲೆ, ಹೆಂಗಸರ ಗುಂಪಿನಲ್ಲಿ.

ದುರ್ಗಪ್ಪ ಕೈ ಎತ್ತಿದ.

"ತಡೀರಿ," ಎಂದೆ. ಕಿಸೆಯಲ್ಲಿ ಕಾಗದವಿತ್ತು. ಮೆಟ್ಟಿಲು ಇಳಿಯುವಾಗ ಎರಡು ಸಲ ಜಾರಿದೆ. ಯಾರೂ ನಗಲಿಲ್ಲ.

ಹನಮವ್ವನ ಮುಂದೆ ನಿಂತು ಕಾಗದ ಬಿಚ್ಚಿದೆ. "ಅವತ್ತ ನಾ ಪೂರಾ ಓದಿದ್ದಿಲ್ಲವಾ," ಎಂದು ಹೇಳಿ ಓದಿದೆ. ಒಂದು ಸಾಲು ಇಂಗ್ಲಿಷಿನಲ್ಲಿ ನೋಡುವುದು, ಅವಳ ಮಾತಿನಲ್ಲಿ ಹೇಳುವುದು. ಹೊಳಿ ದಾಟುವಾಗ ತೆಪ್ಪ ಮಗಚಿತು. ಇಬ್ಬರು ನೋಡ್ಯಾರ. ಮುಳುಗಿದಾಂವ ಮ್ಯಾಲ ಬರಲಿಲ್ಲ. ಸತ್ತಾನಂತ ತಿಳೀರಿ. ಒಂದು ಅಕ್ಷರವನ್ನೂ ಬಿಡಲಿಲ್ಲ. ಕೆಳಗಿನ ಸಾಹೇಬನ ಸಹಿಯವರೆಗೂ ಓದಿದೆ.

ಮೇಲೆ ಗಂಗವ್ವ ಕುಸಿದು ಕುಂತದ್ದು ಕಂಡಿತು. ಅವಳ ಅಳು ಕೇಳಿಸಿತು. ಎರಡು ವರ್ಷ ಹಿಡಿದಿಟ್ಟ ಅಳು ಅದು.

ಹನಮವ್ವ ಅಳಲಿಲ್ಲ. "ಇಷ್ಟೂ ಅವತ್ತ ಇತ್ತೇನ್ರಿ ಅದರಾಗ?" ಎಂದು ಕೇಳಿದಳು.

"ಇತ್ತವಾ."

"ದಿನಾ ಸಂಜೀಕ ನಾ ರಸ್ತೇಕ ಹೋಗಿ ನಿಲ್ಲತಿದ್ದೆ."

"ಗೊತ್ತವಾ."

"ನೀವು ಸಾಲೀ ಕಿಡಕ್ಯಾಗಿಂದ ನೋಡತಿದ್ರಿ."

ನಾನು ಕಾಗದ ಮಡಚಿದೆ. ಯಮನಪ್ಪ ಅವಳ ಮುಂದೆ ಸುತ್ತಿಗೆ ಹಿಡಿದ. ಅವಳು ಅದನ್ನು ತೆಗೆದುಕೊಂಡಳು, ಒಂದು ಗಳಿಗೆ ತೂಗಿ ನೋಡಿದಳು. ಆಮೇಲೆ ನನ್ನ ಕಡೆಗೆ ಚಾಚಿದಳು.

"ನೀವ ಹೊಡೀರಿ. ಅಂವ ಸತ್ತ ಮ್ಯಾಲ ಎರಡ ವರ್ಷ ಅವನ್ನ ಬದುಕಿಸಿ ಇಟ್ಟಾವ್ರು ನೀವು. ನನ್ನ ಕೈಲೆ ಆಗೂದಿಲ್ಲ. ಮೊದಲನೇ ಪೆಟ್ಟ ನಿಮ್ಮದ."

"ಹನಮವ್ವಾ, ಅವರು ಮನಿಯವರಲ್ಲ," ಎಂದ ದುರ್ಗಪ್ಪ.

"ದಿನಾ ನನ್ನ ಕೈಯಾನ ರೊಟ್ಟಿ ತಿಂದಾರ," ಎಂದಳು ಅವಳು. ದುರ್ಗಪ್ಪ ಹಿಂದೆ ಸರಿದ.

ಹುಟ್ಟಿದಾಗಿನಿಂದ ನಾನು ಸುತ್ತಿಗೆ ಮುಟ್ಟಿದವನಲ್ಲ. ಯಮನಪ್ಪ ನನ್ನ ಎಡಗೈಗೆ ಉಳಿ ಕೊಟ್ಟು, ಮೊದಲ ಅಕ್ಷರದ ತಲೆಯ ಗೆರೆಯ ಮೇಲೆ ಅದನ್ನು ಇರಿಸಿದ. ನಾನೇ ದುಂಡಗೆ ಬರೆದ ಅಕ್ಷರ ಕಣ್ಣಿಗೆ ಮಂಜಾಗಿ ಕಂಡಿತು. ಹೊಡೆದೆ. ಉಳಿ ಜಾರಿತು. ಬೇಕಾದ ಗೆರೆ ಬಿಟ್ಟು ಮೇಲೆ ಒಂದು ಚಕ್ಕೆ ಹಾರಿ ನನ್ನ ಅಂಗಿಗೆ ಬಡಿಯಿತು. ಆರು ಹೆಸರಿಗೂ ಎಲ್ಲಿಯೂ ಒಂದು ತಪ್ಪು ಪೆಟ್ಟು ಬಿದ್ದಿರಲಿಲ್ಲ.

"ಸುತ್ತ ತೀಡಿ ಸರಿ ಮಾಡತೇನ್ರಿ," ಎಂದ ಯಮನಪ್ಪ ಮೆಲ್ಲಗೆ.

"ಬ್ಯಾಡ," ಎಂದಳು ಹನಮವ್ವ. "ಹಂಗ ಇರಲಿ."

ಅವಳು ಮೇಲೆ ಹತ್ತಿ ಹೋಗಿ ಸೊಸೆಯ ಪಕ್ಕದಲ್ಲಿ ಕುಂತಳು. ಯಮನಪ್ಪ ಬಿಸಿಲು ನೆತ್ತಿಗೇರುವವರೆಗೆ ಕೆತ್ತಿದ. ಅವನ ಕೈ ಎಂದಿನಷ್ಟು ಓಡಲಿಲ್ಲ; ಒಂದೊಂದು ಗೆರೆಯನ್ನೂ ಬೆರಳಿನಿಂದ ಸವರಿ ಮುಂದೆ ಹೋಗುತ್ತಿದ್ದ. ಮುಗಿದ ಮೇಲೆ ಬೆಣೆ ಹೊಡೆದರು. ಕಲ್ಲು ನೆಲ ಬಿಡುವಾಗ ನಾನು ಕಣ್ಣು ಮುಚ್ಚಿದ್ದೆ. ನನ್ನ ಪೆಟ್ಟಿನಿಂದಲೇ ಬಿರಿಯುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ದುರ್ಗಪ್ಪ ಸುತ್ತಿಗೆಯಿಂದ ಮೂರು ಕಡೆ ತಟ್ಟಿ ಕಿವಿಗೊಟ್ಟ. ಗಂಟೆಯಂತೆ ಸ್ವಚ್ಛ ದನಿ. "ಛಲೋ ಐತಿ," ಎಂದ.

ಮಳೆ ಬಂದದ್ದು ಎಂಟು ದಿನ ಬಿಟ್ಟು. ಅಷ್ಟು ಅವಸರ ಮಾಡುವ ಅಗತ್ಯವೇ ಇರಲಿಲ್ಲ. ಮಹಾರಾಜರೂ ಬರಲಿಲ್ಲ. ಅವರ ಪರವಾಗಿ ಬಂದ ಮಾಮಲೇದಾರರು ಕಲ್ಲಿನ ಕಡೆ ನೋಡದೆ ತಮ್ಮ ಕೈಯಲ್ಲಿದ್ದ ಯಾದಿ ನೋಡಿ ಏಳು ಹೆಸರು ಓದಿ, ಹಾರ ಹಾಕಿ, ಧೂಳು ಎಂದು ಮೂಗಿಗೆ ವಸ್ತ್ರ ಹಿಡಿದುಕೊಂಡು ಹೋದರು. ಕಾಗದ ಮುಚ್ಚಿಟ್ಟದ್ದನ್ನು ಕೇರಿಯ ಯಾರೂ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಶ್ರಾವಣ ಕಳೆದ ಮೇಲೆ ಉಡಕಿಯಾಯಿತು. ಗಂಗವ್ವನಿಗೆ ಹೊಸ ಸೀರೆ ಉಡಿಸಿದ್ದು ಹನಮವ್ವನೇ ಅಂತೆ. ನನಗೆ ಕರೆ ಇರಲಿಲ್ಲ.

ರೊಟ್ಟಿ ಬರುವುದು ಅವತ್ತಿನಿಂದಲೇ ನಿಂತಿತ್ತು. ಒಲೆಯ ಮುಂದೆ ಕುಂತು ಕೈ ಸುಟ್ಟುಕೊಂಡು ಅನ್ನ ಮಾಡಿಕೊಳ್ಳುತ್ತಿದ್ದೆ. ಸಂಜೆ ಕಿಟಕಿಯಿಂದ ನೋಡಿದರೆ ರಸ್ತೆ ಬರಿದಾಗಿರುತ್ತಿತ್ತು. ಅದನ್ನು ನೋಡುವುದು ಅವಳ ಬೆನ್ನು ನೋಡುವುದಕ್ಕಿಂತ ಕಷ್ಟವಾಯಿತು. ದಸರೆಯ ಹೊತ್ತಿಗೆ ನಾನೇ ಅರ್ಜಿ ಹಾಕಿ ಮುಧೋಳದ ಕಡೆಗೆ ವರ್ಗ ಮಾಡಿಸಿಕೊಂಡೆ. ಟ್ರಂಕು ಏರಿಸಿ ಗಾಡಿಯಲ್ಲಿ ಕುಂತಾಗ ಹನಮವ್ವ ಬಂದಳು. ಅರಿವೆಯಲ್ಲಿ ಕಟ್ಟಿದ ಎರಡು ರೊಟ್ಟಿಗಳನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಮುಂದಿನ ಊರಾಗ ಪೂರಾ ಓದ್ರಿ ಮಾಸ್ತರ," ಎಂದು ಹೇಳಿ ಹೋದಳು. ಆಮೇಲೆ ಅವಳನ್ನು ನಾನು ನೋಡಲಿಲ್ಲ.

ಕಲ್ಲಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ. ಸುಣ್ಣ ಬಳಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಯಾರ ಮಗಳವ್ವ ನೀನು ಎಂದು ಕೇಳಿದೆ. ಯಮನಪ್ಪನ ಮೊಮ್ಮಗಳಂತೆ, ಅಜ್ಜಿ ಗಂಗವ್ವ ಹೋಗಿ ನಾಲ್ಕು ವರ್ಷವಾಯಿತಂತೆ. ಅದೇ ಗಂಗವ್ವನ ಮೂಗು, ನೋಡಿಯೇ ನನಗೆ ಗೊತ್ತಾಗಬೇಕಿತ್ತು.

"ಅದು ಹನಮವ್ವಾಯಿ ಹೊಡದ ಪೆಟ್ಟಂತ್ರಿ," ಎಂದಳು, ನನ್ನ ಬೆರಳಿನ ಕಡೆ ತೋರಿಸಿ. "ಮಗನ ಹೆಸರಿಗೆ ಹೊಡಿಯೂಮುಂದ ಕೈ ನಡಗಿ ಚಕ್ಕಿ ಎದ್ದಿತಂತ. ಎಲ್ಲಾರೂ ಹಂಗ ಹೇಳತಾರ್ರಿ. ನಮ್ಮಜ್ಜೀನ ಕೇಳಿದ್ರ ಮಾತ್ರ ಏನೂ ಹೇಳತಿದ್ದಿಲ್ಲ."

ಚೆಂದದ ಕಥೆ. ಅದರಲ್ಲಿ ನಾನಿರಲಿಲ್ಲ. ಹೌದವ್ವಾ ಎಂದು ತಲೆ ಆಡಿಸಿ ಹೊರಟುಬಿಡಬಹುದಿತ್ತು, ಬಸ್ಸಿಗೂ ಹೊತ್ತಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅದು ಹನಮವ್ವ ಹೊಡದದ್ದಲ್ಲವಾ. ನಾ ಹೊಡದದ್ದು."

"ನೀವು ಯಾರ್ರಿ?"

ಸುಣ್ಣ ಆರದ ಕಟ್ಟೆಯ ಮೇಲೆಯೇ ಕುಂತುಬಿಟ್ಟೆ, ಮದುವೆಗೆಂದು ಉಟ್ಟ ಧೋತರ ಹಾಳಾದರೂ ಆಗಲಿ ಎಂದು. ಕಂದು ಲಕೋಟೆಯಿಂದ ಶುರು ಮಾಡಿದೆ. ಕೆಳಗಿನ ಸಹಿಯವರೆಗೂ ಹೇಳಿದೆ. ಅಷ್ಟರಲ್ಲಿ ಲೋಕಾಪುರದ ಬಸ್ಸು ಹೋಗಿತ್ತು.